ಕಂಬಳಿಗೆ ಕಟ್ಟು

ಮಡಕಶಿರಾ ಬಸ್‌ಸ್ಟ್ಯಾಂಡಿನ ಹಿಂದೆ
ನನ್ನದು ಎಂಟಡಿ ಅಂಗಡಿ.
ಇಪ್ಪತ್ತೆರಡು ವರ್ಷದಿಂದ ಕಟ್ಟು ಹಾಕಿದ್ದೇನೆ
ಲಕ್ಷ್ಮಿಗೆ, ಕಾಬಾಕ್ಕೆ, ಮದುವೆಗೆ,
ಹೋದವರಿಗೇ ಹೆಚ್ಚು.
ಉಣ್ಣೆಗೆ ಇದೇ ಮೊದಲು.

ಸಣ್ಣೀರಮ್ಮ ತಲೆಯ ಮೇಲಿಂದ ಗಂಟು ಇಳಿಸಿ ಬಿಚ್ಚಿದಾಗ
ಅಂಗಡಿಯೊಳಗೆ ಒಂದು ಮಂದೆ ನುಗ್ಗಿತು:
ಹಿಕ್ಕೆ, ಹೊಗೆ, ನೆನೆದ ಕುರಿಯ ಬೆನ್ನು.
ವಾರ್ನಿಷಿನ ವಾಸನೆ ಬದಿಗೆ ಸರಿದು ನಿಂತಿತು.

"ನಮ್ಮಾವ ಮೂಡ್ಲಪ್ಪ ನೇಯ್ದಿದ್ದು.
ಅನಂತಪುರದೋರು ಯಾರೋ ಬಂದು ನೋಡಿ
ಎಂಬತ್ತು ಸಾವಿರ ಅಂದ್ರು.
ಅವತ್ತಿಂದ ಮನೇಲಿ ಯಾರೂ ಹೊದೀತಿಲ್ಲ ಸಾಬರೇ,
ಬೆಲೆ ಮೈಗೆ ಚುಚ್ಚುತ್ತೆ."
"ಕೊಟ್ಟುಬಿಡಬಹುದಿತ್ತಲ್ಲ?"
ಅವಳು ಗಾಜು ಕೊಯ್ಯುವ ವಜ್ರವನ್ನು ನೋಡುತ್ತಾ ನಿಂತಳು.

ಬೆಳಕಿಗೆ ಹಿಡಿದೆ.
ಬಣ್ಣ ಹಾಕಿದ್ದಲ್ಲ, ಕುರಿ ಹುಟ್ಟುತ್ತಲೇ ತಂದ ಕಪ್ಪು,
ಅಂಚಿಗೆ ಮುದಿ ಟಗರಿನ ಬೂದು.
ಹಾಸಿಗೆ ಕುಡಿಸಿದ ಹುಣಸೆಬೀಜದ ಗಂಜಿ
ಇನ್ನೂ ಬೆರಳಿಗೆ ಗರಿಗರಿ.
ಆ ಗಂಜಿಗೇ ನುಸಿ ಬರುವುದು.
ತೊಳೆದರೆ ನುಸಿ ಹೋಗುತ್ತೆ,
ಮೂಡ್ಲಪ್ಪನೂ ಹೋಗುತ್ತಾನೆ.
ತೊಳೆಯಲಿಲ್ಲ.
ಮೂರು ದಿನ ನೆರಳಲ್ಲಿ ಹರವಿ
ಮೆತ್ತನೆಯ ಬ್ರಷ್ಷಿನಿಂದ ಎಳೆ ಎಳೆ ಸವರಿದೆ.
ಹೆಂಡತಿ ಬಾಗಿಲಲ್ಲಿ ನಿಂತು
"ನನ್ನ ತಲೆ ಒಂದು ದಿನ ಹೀಗೆ ಬಾಚಲಿಲ್ಲ" ಅಂದಳು.

ಗೋಂದು ಬೇಡ, ಮೊಳೆ ಬೇಡ.
ಒಗೆದ ಗಾಡಾ ಬಟ್ಟೆ ಬಿಗಿದ ಹಲಗೆಗೆ
ಸೂಜಿಯಲ್ಲಿ ಅಲ್ಲಲ್ಲಿ ಹಿಡಿಸಿದೆ,
ತನ್ನ ಭಾರಕ್ಕೆ ತಾನೇ ಜಗ್ಗದ ಹಾಗೆ.
ಗಾಜು ಹಿಂದೂಪುರದಿಂದ ಬಸ್ಸಿನ ಟಾಪಿನ ಮೇಲೆ ಬಂತು
ಗೋಣಿಚೀಲಗಳ ನಡುವೆ ಮಲಗಿ.
ಗಾಜಿಗೂ ಉಣ್ಣೆಗೂ ಬೆರಳಗಲ ಜಾಗ ಬಿಟ್ಟೆ;
ತಾಗಿದರೆ ಗಾಜು ಬೆವರುತ್ತೆ.

ಉಳಿದದ್ದು ತೂತು.
ಎಡಗಡೆ ಕೆಳಗೆ, ರೂಪಾಯಿಯಗಲ, ಅಂಚು ಸುಟ್ಟಿದೆ.
"ಇದನ್ನು ಒಳಗೆ ಮಡಚಿಬಿಡಲಾ?"
"ಬ್ಯಾಡ. ತೋಳ ಬಂದ ರಾತ್ರಿ
ಹಚ್ಚಿದ ಬೀಡಿ ಅಲ್ಲೇ ಬಿಸಾಕಿ ಎದ್ದೋಡಿದ್ನಂತೆ.
ಮಿಕ್ಕಿದ್ದೆಲ್ಲ ಮಗ್ಗದ್ದು,
ಇದೊಂದು ಅವನದು."

ತೂತಿನ ಹಿಂದೆ ಯಾವ ಬಣ್ಣ ಇಡಲಿ?
ಕಪ್ಪಿಟ್ಟರೆ ತೂತೇ ಸುಳ್ಳಾಗುತ್ತೆ.
ಬಿಳಿಯಿಟ್ಟರೆ ಕಣ್ಣು ಬಿಡುತ್ತೆ.
ಒಂದು ರಾತ್ರಿ ಅದರಲ್ಲೇ ಹೋಯಿತು.
ಕೊನೆಗೆ ಹಲಗೆಗೂ ಅಷ್ಟೇ ಅಗಲದ ಕಂಡಿ ಕೊರೆದೆ,
ಯಾವ ಗೋಡೆಗೆ ತೂಗು ಹಾಕುತ್ತಾರೋ ಆ ಗೋಡೆ ಕಾಣಲಿ.
ನುಸಿಗೆ ಮಾತ್ರ ಸಣ್ಣ ಜಾಲರಿ.

ರಸೀದಿಯಲ್ಲಿ ಅಳತೆ, ಮರ, ಗಾಜು, ಮುಂಗಡ
ಎಲ್ಲ ಬರೆದೆ.
'ಯಾರ ಪಟ' ಅಂತ ಒಂದು ಕಲಂ ಇದೆ, ಅಪ್ಪನ ಕಾಲದ್ದು.
ಅಲ್ಲಿ ಪೆನ್ನು ನಿಂತಿತು.

ಸಣ್ಣೀರಮ್ಮ ಸೆರಗನ್ನು ಭುಜಕ್ಕೆ ಬಿಗಿದು ಎಳೆದುಕೊಂಡು
ರಸ್ತೆಯ ಆಚೆ ನೋಡುತ್ತಿದ್ದಳು.
"ಎದುರಂಗಡೀಲಿ ಆ ಹೂವಿನ ರಗ್ಗು
ಎಷ್ಟಕ್ಕೆ ಕೊಡ್ತಾರೆ ಸಾಬರೇ?
ಮಾಗಿ ಬಂತು,
ಹೊದೆಯಾಕೆ ಏನಾದ್ರೂ ಬೇಕಲ್ಲ."