ಖಾಲಿ ಗಾಡಿಯ ತೂಕ

ಬೆಳಿಗ್ಗೆ ಏಳಕ್ಕೇ ಲ್ಯಾಬಿನ ಷಟರಿನ ಮುಂದೆ ಜವನಯ್ಯ.
ಮಂಡ್ಯದ ಕಾರ್ಖಾನೆಯ ತೂಕದ ಮನೆಯಲ್ಲಿ
ಇಪ್ಪತ್ತೆಂಟು ವರ್ಷ ಕಬ್ಬಿನ ಗಾಡಿ ತೂಗಿದವರು.
"ಏನೂ ತಿಂದಿಲ್ಲ ಕಣವ್ವ" ಅಂದರು.
ಮೀಸೆಯ ತುದಿಯಲ್ಲಿ ಇನ್ನೂ ಒದ್ದೆ ಕಾಫಿ.

"ಅದೊಂದ್ ಗುಟುಕು. ಅದೂ ತಿನ್ನೋದಾ?"

ಬೂದು ಮುಚ್ಚಳದ ಟ್ಯೂಬು ಪಕ್ಕಕ್ಕಿಟ್ಟೆ.
ಸಕ್ಕರೆಗೆ ನಾಳೆ ಬನ್ನಿ, ಬರಿಹೊಟ್ಟೇಲಿ.
ಹಳದಿ ಮುಚ್ಚಳದ್ದು ತೆಗೆದುಕೊಂಡೆ.
ಡಾಕ್ಟರು ಈ ಸಲ ಹೊಸದೊಂದು ಬರೆದಿದ್ದರು,
ಮೂರಕ್ಷರದ್ದು, ಸಿಆರ್‌ಪಿ.
ಅದಕ್ಕೆ ಕಾಫಿಯ ಹಂಗಿಲ್ಲ.

ರಬ್ಬರು ಪಟ್ಟಿ ಬಿಗಿದು ನರ ತಡಕುವಾಗ ಕೇಳಿದರು:
"ಇದು ಏನ ತೂಗ್ತದೆ?"

ಪುಸ್ತಕದಲ್ಲಿ ಉರಿಯೂತ ಅಂತಾರೆ.
ಉರಿ, ಊತ, ಎರಡೂ ಸೇರಿ ಒಂದು ಮಾತು.
ನಿಮ್ಮ ಮೈ ಮುಟ್ಟಿ ನೋಡಿದರೆ
ಉರಿಯೂ ಇಲ್ಲ, ಊತವೂ ಇಲ್ಲ,
ಹೊಟ್ಟಿನ ರಾಶಿಗೆ ಬಿದ್ದ ಕಿಡಿ.

ನಡುವಿನ ಸುತ್ತ ಕೂತ ಕೊಬ್ಬು ಸುಮ್ಮನಿರುವ ಜಾತಿಯಲ್ಲ.
ಹಗಲೂ ರಾತ್ರಿ ಲಿವರಿಗೆ ಚೀಟಿ ಕಳಿಸುತ್ತದೆ:
ಬೆಂಕಿ, ಬೆಂಕಿ.
ಲಿವರು, ಪಾಪ, ನಂಬಿ
ಬಿಂದಿಗೆ ಹೊತ್ತು ಓಡುತ್ತದೆ.
ನಾವು ಇಲ್ಲಿ ಎಣಿಸುವುದು ಆ ಬಿಂದಿಗೆಗಳನ್ನ,
ಬೆಂಕಿಯನ್ನಲ್ಲ.
ಈ ಗದ್ದಲದಲ್ಲಿ ಇನ್ಸುಲಿನ್ ಬಂದು ಬಾಗಿಲು ಬಡಿದರೆ
ಒಳಗಿನವರಿಗೆ ಕೇಳಿಸುವುದಿಲ್ಲ.
ಸಕ್ಕರೆ ಬೀದಿಯಲ್ಲೇ ನಿಲ್ಲುತ್ತದೆ.

ಅಷ್ಟು ಸಾಕಾಯಿತು ಅವರಿಗೆ.
"ಮಿಲ್ಲು ಒಳಕ್ಕೆ ತಗಳಾಕಿಲ್ಲ, ಗೇಟಿಂದ ಮೈಲಿಗಟ್ಲೆ ಗಾಡಿ.
ಕಬ್ಬು ನಿಂತಲ್ಲೇ ಒಣಗ್ತದೆ, ಎತ್ತು ನಿಂತಲ್ಲೇ ಸೊರಗ್ತದೆ.
ಗೊತ್ತು ಬುಡು."

ಎಲ್ಲಿ ಉರೀತಿದೆ ಅಂತ ಹೇಳ್ತದಾ?
ಇಲ್ಲ. ವಸಡಿರಬಹುದು, ಮಂಡಿಯಿರಬಹುದು,
ಹೋದ ವಾರದ ನೆಗಡಿಯಿರಬಹುದು.
ಮದ್ದೂರಿನ ದಾರೀಲಿ ದೂರ ಎಲ್ಲೋ
ತರಗು ಸುಡುವ ಹೊಗೆ ಏಳುತ್ತಲ್ಲ,
ಯಾರ ಗದ್ದೆಯದು ಅಂತ ಹೊಗೆ ಹೇಳುತ್ತಾ?

ಸೂಜಿ ತೆಗೆದೆ. ಹತ್ತಿ ಒತ್ತಿ, ಮೊಣಕೈ ಮಡಿಸಿ ಅಂದೆ.
ಮಡಿಸಿದ ಕೈಯಲ್ಲೇ ಶುರುಮಾಡಿದರು:

"ತುಂಬಿದ ಗಾಡಿ ಒಂದ್ಸಲ ತೂಗ್ತೀವಿ,
ಖಾಲಿ ಗಾಡಿ ಒಂದ್ಸಲ. ಕಳೆದ್ರೆ ಕಬ್ಬು.
ಒಬ್ಬ ಇದ್ದ ಕಣವ್ವ, ಬಲು ಕಿಲಾಡಿ.
ಇರುಸಿನ ಕೆಳಗೆ ಕಬ್ಣ ಕಟ್ಕಂಡ್ ಬರೋನು.
ಖಾಲಿ ತೂಗ್ಸೋ ಮುಂಚೆ, ಮರದ ಮರೇಲಿ, ಬಿಚ್ಚೋನು.
ಮೂರು ಸೀಸನ್ನು ಸಿಕ್ಕಲಿಲ್ಲ ನನ್ ಕೈಗೆ.
ನೀನೇಳೋದು ಕೇಳಿದ್ರೆ
ಇದು ಬಿಚ್ಚೋದ ಮರೆತ ಗಾಡಿ.
ಬರಿಹೊಟ್ಟೇಲಿ ಬಂದ್ರೂ ತೂಕ ತೋರ್ಸೋದು."

ಮಧ್ಯಾಹ್ನ ಮೈಸೂರಿನಿಂದ ಹೊಸ ಕಿಟ್ ತಂದ ಹುಡುಗ
"ಯಾರಾದ್ರೂ ಚೆನ್ನಾಗಿರೋರ ರಕ್ತ ಹಾಕಿ, ಹೊಂದಿಸ್ಕೊಳ್ಳೋಣ" ಅಂದ.
ಗುಡಿಸುವ ಸುಂದ್ರಮ್ಮನಿಗೆ ಜ್ವರ.
ರಿಜಿಸ್ಟರು ಬರೆಯುವ ಫೈರೋಜನಿಗೆ ಸೂಜಿಯೆಂದರೆ ತಲೆಸುತ್ತು.
ಚೆನ್ನಾಗಿರುವವಳು ಅಂದರೆ ನಾನೇ.
ಮೂವತ್ತೊಂಬತ್ತು. ಒಂದು ಮಾತ್ರೆಯಿಲ್ಲ.
ಹನ್ನೊಂದು ವರ್ಷದಿಂದ ಇದೇ ಕುರ್ಚಿ.

ಯಂತ್ರ ತಿರುಗಿ ನಿಂತಾಗ
ಜವನಯ್ಯನವರ ಟ್ಯೂಬಿನ ಮೇಲೆ ತಿಳಿಯಾದ ಹೊನ್ನುಬಣ್ಣ.
ನನ್ನದರಲ್ಲಿ ಅಕ್ಕಿ ತೊಳೆದ ನೀರು.

ಅವರದು ಎರಡು ಪಾಯಿಂಟ್ ಎಂಟು.
ನನ್ನದು ಆರು ಪಾಯಿಂಟ್ ನಾಲ್ಕು,
ಪಕ್ಕದಲ್ಲಿ ಒಂದು ನಕ್ಷತ್ರ.

"ಕಿಟ್ಟೇ ಸರಿಯಿಲ್ಲ ಮೇಡಂ" ಅಂದ ಹುಡುಗ, ಒಳ್ಳೆಯವನು.
ಮತ್ತೆ ಹಾಕಿದೆವು. ಆರು ಪಾಯಿಂಟ್ ಆರು.
ಏಪ್ರನ್ನಿನ ಕೆಳಗಿನ ಗುಂಡಿ
ಎರಡು ವರ್ಷದಿಂದ ನಾನು ಹಾಕಿಲ್ಲ,
ಹಾಕಿದರೆ ಸೇರುವುದಿಲ್ಲ ಎಂದು
ಆಗ, ಅವನೆದುರಿಗೇ, ನೆನಪಾಯಿತು.

ಸಂಜೆ ಎಲ್ಲರೂ ಹೋದ ಮೇಲೆ
ನನ್ನದೇ ಒಂದು ರಿಪೋರ್ಟು ಬರೆದೆ.
ಹೆಸರು, ಶಿವಲೀಲ. ವಯಸ್ಸು. ಹೆಣ್ಣು.
ಪರೀಕ್ಷೆಗೆ ಕಳಿಸಿದವರು ಎಂಬ ಖಾನೆಯಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು.
ಆಮೇಲೆ ಬರೆದೆ:
ಜವನಯ್ಯ, ತೂಕದ ಮನೆ.