ಹೊರಗಿನವರು

ಹಿಮ ಕುಸಿದು ಇಸಾಫ್ಯೋರ್ದುರ್ ದಾರಿ ಮುಚ್ಚಿ ಎರಡು ದಿನ.
ಮೀನು ಕಂಪನಿಯ ಕಂಪ್ಯೂಟರು ಅಲ್ಲಿ,
ನಾನು ಗುಡ್ಡದ ಈಚೆ,
ನಡುವೆ ಬೆಂಕಿಯೇ ಇಲ್ಲದ ಬೆಂಕಿಗೋಡೆ.

ಪಿಂಗ್ ಕಳಿಸಿದೆ. ಬಾವಿಗೆ ಕಲ್ಲು ಹಾಕಿ
ಸದ್ದಿಗೆ ಕಾದ ಹಾಗೆ ಕಾದೆ.
ಮೂರು ಮೂರು ಎಂಟು ಒಂಬತ್ತು:
ಬಾಗಿಲ ಸಂಖ್ಯೆ ಸರಿ. ಒಳಗಿಂದ ಅಗುಳಿ.

ಕೊನೆಗೆ ಆಫೀಸಿನ ಫೋನು ಎತ್ತಿದ್ದು ಗ್ರಾಝಿನಾ,
ಪೋಲೆಂಡಿನವಳು, ರಾತ್ರಿ ನೆಲ ಒರೆಸುವವಳು.
"ಆ ಕುರ್ಚಿಯಲ್ಲಿ ನಾನು ಕೂರಬಹುದಾ?"
ಕೂತಳು.
ನಮ್ಮ ಐಸ್‌ಲ್ಯಾಂಡಿಕ್ ಅವಳಿಗೆ ಓದಲು ಬಾರದು;
ಪರದೆಯಿಂದ ಒಂದೊಂದೇ ಅಕ್ಷರ ಹೆಕ್ಕಿ ಹೇಳಿದಳು,
ಮೀನಿನ ಮುಳ್ಳು ಬಿಡಿಸಿದ ಹಾಗೆ.

ಸಿಕ್ಕಿತು. ಮೊನ್ನೆಯ ಅಪ್‌ಡೇಟು
ಆಫೀಸನ್ನೇ ಸಂತೆಯೆಂದು ಬಗೆದಿದೆ.
ಗೊತ್ತಿದ್ದವರೂ ಈಗ ಹೊರಗಿನವರು,
ನಾನೂ.

"ಓ, ಅದಾ?" ನಕ್ಕಳು ಗ್ರಾಝಿನಾ.
"ಯಾವ ಗುಂಡಿ ಒತ್ತಿದರೆ ಹೋಗುತ್ತೆ?"
ಎರಡನೆಯದು, ಅಂದೆ. ಬೇರೇನೂ ಹೊಳೆಯಲಿಲ್ಲ.

ಬಾಣ ನನ್ನ ಕೈಗೆ ಬಂತು.
"ಅಯ್ಯೋ, ತಾನೇ ಓಡಾಡ್ತಿದೆ!"
ಮೌಸಿನಿಂದ ಕೈ ಕಿತ್ತುಕೊಂಡಿರಬೇಕು.

ದಾಸ್ತಾನಿನ ಲೆಕ್ಕ ತೆರೆಯುವಾಗ
ಫೋನಿನಲ್ಲಿ ಒದ್ದೆ ಬಟ್ಟೆಯ ಸದ್ದು:
ತಾನು ಕೂತ ಕುರ್ಚಿಯನ್ನು
ಒರೆಸುತ್ತಿದ್ದಳು.