ಒಣಹಿಟ್ಟಿನ ಖಾತೆ

ಮಾರ್ಚ್ ಮೂವತ್ತೊಂದು. ರಾತ್ರಿ ಹತ್ತೂವರೆ.
ಹಳೇ ಹುಬ್ಬಳ್ಳಿ ಓಣ್ಯಾಗ ಕರೆಂಟು ಹೋಗಿ ಬಂತು,
ಮತ್ತ ಹೋತು.
ನಾನು ಸಾಲಿಮಠ, ಲೆಕ್ಕಾ ಬರಿಯಾಂವ.
ರೊಟ್ಟಿ ಕೇಂದ್ರದ ಕೆಂಪು ಹೊದಿಕಿ ಖಾತೆ
ತೊಡಿಮ್ಯಾಲ ಇಟಗೊಂಡು
ನಾಕು ಸಾವಿರದ ಮುನ್ನೂರಾ ಹನ್ನೆರಡು ರೂಪಾಯಿ
ಎಲ್ಲಿ ಹೋದವು ಅಂತ ಹುಡುಕಾಕ ಹತ್ತೇನಿ.

ಕಳವು ಆಗಿಲ್ಲ, ಅದು ಗೊತ್ತೈತಿ.
ಆಗಿದ್ರ ಹಗುರ ಇತ್ತು,
ಒಬ್ಬರ ಮ್ಯಾಲ ಹಾಕಿ ಮಲಗಬಹುದಿತ್ತು.

ಗ್ವಾಡಿಮ್ಯಾಲ ನೀಲಗಂಗವ್ವ ಹದಿನಾರು ವರ್ಷದ ಹಿಂದ
ಕೆಮ್ಮಣ್ಣಿನಾಗ ಬರಸಿದ್ದು ಇನ್ನೂ ಐತಿ:
ಮೊದಲ ಬಡಿಯೋ ಕೈಗೆ ಕೂಲಿ,
ಆಮ್ಯಾಲ ಜ್ವಾಳದಾಂವಗ ಬಾಕಿ,
ಆಮ್ಯಾಲ ಹಸಗೊಂಡು ಬಂದಾಂವಗ ಒಂದು.
ಉಳಿದ್ರ, ಲಾಭ.
'ಉಳಿದ್ರ' ಅನ್ನೋದರ ಮ್ಯಾಲ
ಹೊಗಿ ಕುಂತು ಕರ್ರಗಾಗೇತಿ.

ಒಂದು ರೊಟ್ಟಿಗೆ ಎಂಟು ರೂಪಾಯಿ.
ಧಾರವಾಡದ ಹಾಸ್ಟೆಲ್ ಹುಡುಗರಿಗೆ ಆರು,
ಪರೀಕ್ಷಾ ತಿಂಗಳದಾಗ ಐದು
(ಪರೀಕ್ಷಾ ವರ್ಷಪೂರ್ತಿ ಇರತಾವ, ಅದು ಬ್ಯಾರೆ ಮಾತು).
ಕೂಲಿ ಮೂರು. ಅದನ್ನ ಮುಟ್ಟೂಹಾಂಗಿಲ್ಲ.
ಸಿಲಿಂಡರಿನ ರೇಟು ಮುಟ್ಟಿದ್ರ ಸುಡತೈತಿ.
ಗೋಕುಲ ರೋಡಿನ್ಯಾಗ ಮಷಿನ್ ಬಂದೇತಿ,
ತಾಸಿಗೆ ಒಂಬೈನೂರು, ಎಲ್ಲಾ ಒಂದ ಗುಂಡಗ,
ಒಂದರ ಮಾರಿ ಇನ್ನೊಂದಕ್ಕ ಗುರುತು ಹತ್ತೂದಿಲ್ಲ,
ಐದೂವರೆ ರೂಪಾಯಿ.

ಹೋದ ವಾರ ಮೀಟಿಂಗ್ ಕರದೆ.
ಅವ್ವಾರ, ಎಂಟನ್ನ ಒಂಬತ್ತು ಮಾಡೋಣ,
ಆರನ್ನ ಎಂಟು ಮಾಡೋಣ ಅಂದೆ.
ಎಲ್ಲಾರೂ ಸುಮ್ಮನಾದ್ರು.
ದುರ್ಗವ್ವ ಅಂದ್ಲು: "ಹಾಂಗಾದ್ರ ನಾವೂ ಅಂಗಡಿ ಆದ್ವಿ."
ನಾ ಅಂದೆ: "ಮೊದಲಿಂದ್ಲೂ ಅಂಗಡೀನ."
"ದಾಸೋಹ ಅಂದಿದ್ರಿ."
ದಾಸೋಹದ ಹಿಂದ ಹೊಲ ಇರತೈತಿ, ಭಕ್ತರಿರತಾರ,
ಚಕ್ಕಡಿ ತುಂಬಿ ಬರತಾವ ಕಾಳು.
ನಮ್ಮ ಹಿಂದ ಏನೈತಿ? ಒಂದು ಹಿತ್ತಲ,
ಎರಡು ಖಾಲಿ ಸಿಲಿಂಡರ್, ಒಂದು ಸೀಳಿದ ಹಂಚು.

ಅಂದ ಮ್ಯಾಲ ನಾಚಿಕಿ ಬಂತು.
ಇದ ಬಾಯಿಲೆ ಇವರ ರೊಟ್ಟಿ ದಿನಾ ಪುಕ್ಕಟೆ ತಿಂದೇನಿ,
ಖಾತೆದಾಗ ಎಲ್ಲೂ ಬರದಿಲ್ಲ.

ಹುಸೇನಬಿ ಮಾತಾಡ್ಲಿಲ್ಲ. ಎದ್ದು ಒಳಗ ಹೋಗಿ
ಒಂದು ಚೀಲ ತಂದು ನನ್ನ ಮುಂದ ಇಟ್ಲು.
ತಿಂಗಳಪೂರ್ತಿ ರೊಟ್ಟಿ ಬಡದಾದ ಮ್ಯಾಲ
ಕಲ್ಲಿನ ಸುತ್ತ ಬಿದ್ದ ಒಣಹಿಟ್ಟು, ಗುಡಿಸಿ ಕೂಡಿಸಿದ್ದು.
ಹದಿನಾಕು ಕಿಲೋ.
"ಇದನ್ನ ಯಾರೂ ತಿನ್ನೂದಿಲ್ಲ, ಸಾಲಿಮಠರ.
ಝಾಡಿಸಿ ಬಿಡತೀವಿ.
ಆದ್ರ ಕೆಳಗ ಇದನ್ನ ಉದುರಸದ
ಒಂದ ರೊಟ್ಟಿ ಬಡದು ತೋರಸ್ರಿ."

ನನಗ ಬಡಿಯಾಕ ಬರೂದಿಲ್ಲ.
ಅಂಟಕೋತೈತಿ, ಎಬ್ಬಸೂದರಾಗ ಹರೀತೈತಿ,
ಅಷ್ಟು ನನಗೂ ಗೊತ್ತು.
"ಹೆಚ್ಚಾದ್ರ?"
"ಹೆಚ್ಚಾದ್ರ ಹಂಚಿನ ಮ್ಯಾಲ ಹೊತ್ತಿ ಕಮಟ ವಾಸನಿ.
ತಿಂದಾಂವ ತಿರುಗಿ ಬರೂದಿಲ್ಲ."
"ಮತ್ತ ಎಷ್ಟು ಹಾಕಬೇಕು?"
ಆಕಿ ನಕ್ಲು. ಎಲ್ಲಾರೂ ನಕ್ರು.
ಕೈಗೆ ಗೊತ್ತಿರತೈತಿ, ಅಂದ್ರು.

ಕೈಗೆ ಗೊತ್ತಿದ್ದದ್ದು ಖಾತೆಗೆ ಹ್ಯಾಂಗ ಇಳಸೂದು?

ಹಾಸ್ಟೆಲ್ ಹುಡುಗರ ಆರು ಆರೇ ಉಳೀತು.
ಹೋಟೆಲ್ಲಿನವರಿಗೆ ಒಂಬತ್ತು, ಉದ್ರಿ ಬಂದ್.
ನೀಲಗಂಗವ್ವ ಕೈ ಎತ್ತಲಿಲ್ಲ,
ಬ್ಯಾಡ ಅಂತನೂ ಅನ್ನಲಿಲ್ಲ.
ಗ್ವಾಡಿ ಹತ್ರ ಹೋಗಿ ಸೆರಗಿಲೆ
'ಉಳಿದ್ರ'ದ ಮ್ಯಾಲಿನ ಹೊಗಿ ಒರಿಸಿದ್ಲು.
ಹೊಗಿ ಕೂಡ ಅರ್ಧ ಅಕ್ಷರಾನೂ ಹೋತು.

ಈಗ ಬ್ಯಾಟರಿ ಬೆಳಕಿನ್ಯಾಗ
ಹೊಸಾ ಖಾತೆದ ಮೊದಲ ಹಾಳಿ.
ಕೂಲಿ. ಜ್ವಾಳ. ಗ್ಯಾಸು.
ಸಾಲಿಮಠ, ದಿನಕ್ಕ ಎರಡು ರೊಟ್ಟಿ, ಬಾಕಿ.
ಅದರ ಕೆಳಗ 'ಒಣಹಿಟ್ಟು' ಅಂತ ಬರದು
ಮುಂದ ಒಂದು ಗೆರಿ ಎಳದೇನಿ.
ಇದೇನ್ರಿ ಅಂತ ಆಡಿಟರ್ ಕೇಳತಾನ, ಕೇಳಲಿ.
ಆ ಕಡೆ ಗೋಕುಲ ರೋಡಿನ ಮಷಿನ್
ಈ ಹೊತ್ತಿನ್ಯಾಗೂ ಓಡಾಕ ಹತ್ತಿರಬಹುದು.

ಕರೆಂಟು ಬಂತು.
ಗೆರಿ ಮುಂದ ಅಂಕಿ ಬರೀಬೇಕು.
ಮುಂಜಾನೆ ಐದಕ್ಕ ಹಂಚು ಕಾಯತೈತಿ.